ಬಚ್ಚಲ ಹಂಡೆಗೆ ಪೆಲೆಟ್ ಒಲೆ: ಉರಿ ಹೊರಗೆ, ನೀರು ಒಳಗೆ

ಉಡುಪಿಯಲ್ಲಿ ಕೋಣೆ ಬೆಚ್ಚಗಿಡಲು ಯಾರೂ ಒಲೆ ಹಾಕಿಸುವುದಿಲ್ಲ. ನಮಗೆ ಬೆಂಕಿ ಬೇಕಾಗುವುದು ಸ್ನಾನದ ನೀರಿಗೆ. ಕಟಪಾಡಿಯ ನಮ್ಮ ಮನೆಯ ಬಚ್ಚಲಿನಲ್ಲಿ ಸುಮಾರು 60 ಲೀಟರ್ ಹಿಡಿಯುವ ತಾಮ್ರದ ಹಂಡೆ ಇದೆ. ಅದರಡಿಗೆ ಮಡಲು, ಕೊತ್ತಳಿಗೆ, ಗೆರಟೆ, ತೆಂಗಿನ ಸಿಪ್ಪೆ ಒಡ್ಡಿಕೊಂಡೇ ಬಂದಿದ್ದೇವೆ. ಬೇಸಿಗೆಯಲ್ಲಿ ಏನೂ ತೊಂದರೆಯಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಕಟ್ಟಿಗೆಯನ್ನು ಕೊಟ್ಟಿಗೆಯೊಳಗೆ ಒಟ್ಟಿಟ್ಟರೂ ತೇವ ಎಳೆದುಕೊಂಡು, ಉರಿಗಿಂತ ಹೊಗೆಯೇ ಜಾಸ್ತಿ. ಅಮ್ಮನಿಗೆ ಆ ಹೊಗೆಯಿಂದ ಕೆಮ್ಮು. ಹಾಗಾಗಿ ಮಳೆ ಶುರುವಾಗುವ ಮೊದಲೇ ಹಂಡೆಯ ಒಲೆಯನ್ನು ಕಿತ್ತು, ಪೆಲೆಟ್ (ಮರದ ಹುಡಿಯನ್ನು ಒತ್ತಿ ಮಾಡಿದ, ಪೆನ್ಸಿಲ್ ತುಂಡಿನಂಥ ಉರುವಲು) ಉರಿಯುವ ಒಲೆ ಕಟ್ಟಿಸಿದೆ. ಹಂಡೆ ಅದೇ, ಗೋಡೆ ಅದೇ. ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎರಡೂ ಹೊಸತು. ನಿಜವಾದ ಕೆಲಸ ಇದ್ದದ್ದೂ ಅಲ್ಲೇ.

ಕರೆಂಟಿನ ಗೀಸರ್ ಇದ್ದು ಅದರಲ್ಲಿ ಸುಖವಾಗಿರುವವರಿಗೆ ಈ ಉಸಾಬರಿ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. 60 ಲೀಟರ್ ನೀರನ್ನು 27 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ಸುಮಾರು 5.8 ಮೆಗಾಜೌಲ್, ಅಂದರೆ ಒಂದೂಮುಕ್ಕಾಲು ಯೂನಿಟ್‌ಗಿಂತ ಕಡಿಮೆ ಕರೆಂಟು. ನಮ್ಮಲ್ಲಿ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಮರ ಬಿದ್ದು ಲೈನು ಹೋದರೆ ಇಡೀ ದಿನ ಕರೆಂಟಿಲ್ಲ, ಮೋಡದಲ್ಲಿ ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. ಹಂಡೆಯ ನೀರು ಬಿಟ್ಟು ಬೇರೆ ನೀರು ಅಪ್ಪನಿಗೆ ಒಗ್ಗುವುದೂ ಇಲ್ಲ.

ಹಳೆಯ ಒಲೆಯನ್ನು ಹಾಗೇ ಮುಂದುವರಿಸಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಹಿಂದೆ ಬಚ್ಚಲಿಗಿದ್ದದ್ದು ಬರೀ ಹಂಚಿನ ಮಾಡು. ಹಂಚಿನ ಸಂದಿಯಿಂದ ಹೊಗೆ ತಾನಾಗಿ ಹೋಗುತ್ತಿತ್ತು, ಬಾಗಿಲ ಅಡಿಯಿಂದ ಗಾಳಿ ಬರುತ್ತಿತ್ತು. ಈಗ ಹಂಚಿನ ಕೆಳಗೆ ಸೀಲಿಂಗ್ ಶೀಟು ಬಂದಿದೆ, ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಬಂದಿದೆ, ಬಾಗಿಲು ಫೈಬರಿನದ್ದು. ಜಿರಲೆಗೂ ಸಂದಿಯಿಲ್ಲದಂತೆ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟರೆ ಏನಾಗುತ್ತದೆ ನೋಡಿ. ಒಂದು ಕೆಜಿ ಕಟ್ಟಿಗೆ ಪೂರ್ತಿ ಸುಡಲು ಲೆಕ್ಕದ ಪ್ರಕಾರ ಸುಮಾರು 6 ಕೆಜಿ ಗಾಳಿ ಬೇಕು, ಒಲೆಯಲ್ಲಿ ನಿಜಕ್ಕೂ ಎಳೆಯುವುದು ಅದರ ಇಮ್ಮಡಿ. ಇಮ್ಮಡಿ ಅಂದರೆ ಹತ್ತು ಘನ ಮೀಟರ್. ಆರು ಅಡಿ ಎಂಟು ಅಡಿಯ ನಮ್ಮ ಬಚ್ಚಲಿನೊಳಗೆ ಇರುವ ಒಟ್ಟು ಗಾಳಿಯೇ ಹನ್ನೆರಡು ಘನ ಮೀಟರ್. ಗಾಳಿ ಸಾಲದಾದಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಪ್ರಾಣ ಹೋದ ಸುದ್ದಿ ಪೇಪರಿನಲ್ಲಿ ಓದುತ್ತೇವಲ್ಲ, ಅಲ್ಲಿ ಕೊಂದದ್ದೂ ಇದೇ ಅನಿಲ.

ಆದ್ದರಿಂದ ಮೊದಲ ತೀರ್ಮಾನ: ಬೆಂಕಿ ಬಚ್ಚಲಿನೊಳಗೆ ಇರಕೂಡದು. ಒಲೆಯ ಬಾಯನ್ನು ಹಿತ್ತಿಲ ಕಡೆಗೆ ತಿರುಗಿಸಿ, ಇಳಿಮಾಡಿನ ಕೆಳಗೆ ತಂದೆವು. ಗೋಡೆ ಮುರಕಲ್ಲಿನದ್ದಾದ್ದರಿಂದ ತೂತು ಕೊರೆಯುವುದು ಕಷ್ಟವಾಗಲಿಲ್ಲ. ಒಳಗಡೆ ಈಗ ಕಾಣುವುದು ಹಂಡೆಯ ಕಂಠ ಮತ್ತು ಮುಚ್ಚಳ ಮಾತ್ರ.

ಯಾವ ಒಲೆ

ಪೆಲೆಟ್ ಸ್ಟೌ ಎಂದು ವಿದೇಶದಲ್ಲಿ ಮಾರುವುದು ಕೋಣೆ ಕಾಯಿಸುವ ಯಂತ್ರ. 1980ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡೆ ಅದು ಮನೆಬಳಕೆಗೆ ಬಂತು. ಮೇಲೆ ಪೆಲೆಟ್ ತುಂಬುವ ಹಾಪರ್, ಕೆಳಗೆ ಅದನ್ನು ಸ್ವಲ್ಪ ಸ್ವಲ್ಪವೇ ತಳ್ಳುವ ತಿರುಪು, ಸಣ್ಣ ಬಟ್ಟಲಿನಲ್ಲಿ ಉರಿ, ಗಾಳಿ ಊದಲೊಂದು ಫ್ಯಾನು, ಎಲ್ಲವನ್ನೂ ನಡೆಸಲು ಒಂದು ಸರ್ಕ್ಯೂಟ್ ಬೋರ್ಡು. ಚಳಿ ದೇಶಕ್ಕೆ ಒಳ್ಳೆಯದೇ. ಆದರೆ ಉರಿಯುತ್ತಿರುವಾಗ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಬಟ್ಟಲಿನಲ್ಲಿ ಉಳಿದದ್ದು ಹೊಗೆಯಾಡುತ್ತದೆ. ಇನ್ವರ್ಟರ್ ಇಲ್ಲದೆ ಅದನ್ನು ನಂಬುವಂತಿಲ್ಲ. ಸಮುದ್ರದ ಉಪ್ಪುಗಾಳಿಯಲ್ಲಿ ಬೋರ್ಡು ಬಾಳಿಕೆ ಬರುವುದೂ ಕಷ್ಟ.

ನಮ್ಮಲ್ಲೇ ನಡೆದ ಕೆಲಸವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಸುತ್ತ ಮುಚ್ಚಿದ ಉರಿಗೂಡು, ಅಡಿಯಲ್ಲಿ ಜಾಲರಿ, ಹಿಂದೆ ಚಿಮಣಿ. ಅದೇ ಸಂಸ್ಥೆಯವರು ಬಿ.ಪಿ. ಎಂಬ ತೈಲ ಕಂಪನಿಯ ಜೊತೆ ಸೇರಿ ರೂಪಿಸಿದ ಊರ್ಜಾ ಎಂಬ ಪೆಲೆಟ್ ಅಡುಗೆ ಒಲೆಯೂ ಬಂತು. ಪೆಲೆಟ್ ಬೆಲೆ ಏರಿದ ಮೇಲೆ ಅದನ್ನು ಕೊಂಡವರು ಕೈಬಿಟ್ಟರು. ಅದನ್ನು ನೆನಪಿಟ್ಟುಕೊಂಡೇ, ಪೆಲೆಟ್ ಸಿಗದ ದಿನ ಅದು ಕೂತು ಉರಿಯುವ ಜಾಲರಿ ಬುಟ್ಟಿಯನ್ನು ಈಚೆ ತೆಗೆದು ಗೆರಟೆ ಹಾಕಿ ಉರಿಸುವಷ್ಟು ದೊಡ್ಡ ಬಾಗಿಲನ್ನು ಒಲೆಗೆ ಇಟ್ಟಿದ್ದೇನೆ.

ಆರಿಸಿಕೊಂಡದ್ದು ಫ್ಯಾನೂ ತಿರುಪೂ ಇಲ್ಲದ, ಪೆಲೆಟ್ ತನ್ನ ಭಾರಕ್ಕೆ ತಾನೇ ಜಾರಿ ಬೀಳುವ ಒಲೆ. ಇಲ್ಲಿ ಗಾಳಿ ಎಳೆಯುವ ಕೆಲಸ ಪೂರ್ತಿ ಚಿಮಣಿಯದ್ದು. ಹಾಗಾಗಿ ಒಲೆಗಿಂತ ಮೊದಲು ಚಿಮಣಿ ನಿಲ್ಲಿಸಿದೆ.

ಚಿಮಣಿ

ಪೈಪು 100 ಮಿ.ಮೀ. ಅಗಲದ 304 ದರ್ಜೆಯ ಸ್ಟೀಲು, ಮಂಗಳೂರಿನ ಬಂದರಿನ ಅಂಗಡಿಯಿಂದ ತಂದದ್ದು. ಸತುವು ಲೇಪಿಸಿದ ಜಿ.ಐ. ಪೈಪು ಅಗ್ಗಕ್ಕೆ ಸಿಗುತ್ತದೆ, ಆದರೆ ಸತುವು 419 ಡಿಗ್ರಿಗೇ ಕರಗುತ್ತದೆ, ತೀರಾ ಕಾದರೆ ಅದರ ಹೊಗೆ ಜ್ವರ ಬರಿಸುತ್ತದೆ. ಒಲೆಯ ಹತ್ತಿರದ ಬಿಸಿ ಜಾಗಕ್ಕೆ ಜಿ.ಐ. ಬೇಡವೇ ಬೇಡ.

ಜೋಡಿಸುವಾಗ ಒಂದು ಸಣ್ಣ ಸಂಗತಿಗೆ ವೆಲ್ಡರ್ ಜೊತೆ ವಾದವಾಯಿತು. ಪೈಪಿನ ಕಿರಿದಾದ ತುದಿ ಕೆಳಮುಖವಾಗಿ, ಒಲೆಯ ಕಡೆಗೆ ಇರಬೇಕು. ಮಳೆನೀರಿನ ಪೈಪು ಜೋಡಿಸುವ ಕ್ರಮವೂ ಇದೇ. ಹೊಗೆ ಮೇಲೆ ಹೋಗುತ್ತದಲ್ಲ, ಕಿರಿದಾದ ತುದಿ ಮೇಲಿರಲಿ ಎಂದು ಅವರ ವಾದ. ಹೊಗೆ ಒಳಗಡೆ ಎಳೆತದಲ್ಲಿರುವುದರಿಂದ ಸಂದಿಯಿಂದ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ತಣಿದ ಪೈಪಿನೊಳಗೆ ಬೆವರಿ ಇಳಿಯುವ ಕಪ್ಪು ರಸ. ಕಿರಿದಾದ ತುದಿ ಕೆಳಗಿದ್ದರೆ ಅದು ಪೈಪಿನೊಳಗೇ ಇಳಿದು ಕೆಳಗಿನ ಟೀ (ಇಂಗ್ಲಿಷಿನ T ಅಕ್ಷರದ ಆಕಾರದ ಪೈಪು) ಮುಚ್ಚಳದಲ್ಲಿ ನಿಲ್ಲುತ್ತದೆ. ಒಂದೊಂದು ಜೋಡಣೆಗೂ ಮೂರು ಸ್ಕ್ರೂ. ಬುಡದಲ್ಲಿ ಟೀ ಇಟ್ಟು, ಅದರಡಿಗೆ ಕೈಯಿಂದ ತೆಗೆಯುವ ಮುಚ್ಚಳ. ಮಸಿ ತೆಗೆಯುವುದು ಅಲ್ಲಿಂದಲೇ.

ಮಾಡಿನ ಮೂಲಕ ಹೋಗುವ ಜಾಗವೇ ಅತಿ ಅಪಾಯದ್ದು. ಒಂಟಿ ಪದರದ ಪೈಪಿನಿಂದ ಮರಕ್ಕೆ ಸುತ್ತಲೂ 45 ಸೆಂ.ಮೀ. ಅಂತರ ಬೇಕು. ಮರ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಬಿಸಿ ತಿಂದು ಒಣಗಿ ಕಪ್ಪಾಗಿ, ಆಮೇಲೆ ಕಡಿಮೆ ಶಾಖಕ್ಕೇ ಹೊತ್ತುತ್ತದೆ. ಮೊದಲ ವರ್ಷ ಏನೂ ಆಗಲಿಲ್ಲ ಎಂಬುದು ಧೈರ್ಯಕ್ಕೆ ಆಧಾರವಾಗದು. ಇಳಿಮಾಡಿನಲ್ಲಿ ಪೈಪಿನ ಸುತ್ತ ಒಂದೂವರೆ ಅಡಿಯೊಳಗೆ ಬರುವ ಪಕ್ಕಾಸು, ರೀಪುಗಳನ್ನೆಲ್ಲ ಬಡಗಿಯವರು ಕತ್ತರಿಸಿ ತೆಗೆದರು, ಆ ಜಾಗಕ್ಕೆ ಕಬ್ಬಿಣದ ಆಂಗಲ್ ಕೊಟ್ಟೆವು. ಹಂಚು ಈಗ ಅಲ್ಲಿ ಕಬ್ಬಿಣದ ಮೇಲೆ ಕೂತಿದೆ. ಪೈಪು ಹಾಯುವ ಕಡೆ ಎರಡು ಹಂಚು ತೆಗೆದು ಸ್ಟೀಲ್ ತಗಡು, ಅದರ ಮೇಲೆ ಪೈಪಿಗೆ ಬಿಗಿದ ಕೊಡೆಯಂಥ ಪಟ್ಟಿ. ತಗಡಿನ ಮೇಲಂಚು ಮೇಲಿನ ಹಂಚಿನ ಅಡಿಗೆ ಹೋಗಬೇಕು, ಕೆಳಅಂಚು ಕೆಳಗಿನ ಹಂಚಿನ ಮೇಲೆ ಬರಬೇಕು. ಇದು ತಿರುಗುಮುರುಗಾದರೆ ನಮ್ಮ ಮಳೆಗೆ ಬಾಲ್ದಿ ಇಡಬೇಕಾಗುತ್ತದೆ.

ಎತ್ತರಕ್ಕೆ ಒಂದು ನಿಯಮ ಇದೆ. ಮಾಡು ದಾಟಿದ ಜಾಗದಿಂದ ಕನಿಷ್ಠ ಮೂರು ಅಡಿ ಮೇಲೆ, ಮತ್ತು ಸುತ್ತ ಹತ್ತು ಅಡಿಯೊಳಗೆ ಇರುವ ಯಾವುದೇ ಮಾಡು, ಗೋಡೆಗಿಂತ ಎರಡು ಅಡಿ ಮೇಲೆ. ಹಿಂದೆ ದೊಡ್ಡ ಮಾಡು ಏರಿ ಹೋಗುವುದರಿಂದ ನಮಗೆ ಜಾಲರಿಯಿಂದ ತುದಿಯ ತನಕ ಸುಮಾರು 14 ಅಡಿ ಬೇಕಾಯಿತು. ಮೂರು ಕಡೆಗೆ ತಂತಿ ಎಳೆದು ಬಿಗಿದಿದ್ದೇವೆ. ಪಕ್ಕದ ತೆಂಗಿನ ಮರದ ಒಣ ಮಡಲನ್ನು ಮಳೆಗೆ ಮೊದಲು ಇಳಿಸುವುದೂ ಈಗ ಚಿಮಣಿ ಕೆಲಸದ ಲೆಕ್ಕಕ್ಕೇ ಸೇರಿದೆ.

ಉರಿಗೂಡು ಮತ್ತು ಹಾಪರ್

ಉರಿಗೂಡಿಗೆ 230 × 115 × 75 ಮಿ.ಮೀ. ಅಳತೆಯ ಫೈರ್ ಬ್ರಿಕ್, ಫೈರ್ ಕ್ಲೇ ಗಾರೆ. ಮುರಕಲ್ಲಿಗೆ ನೇರ ಉರಿ ತಾಗಿದರೆ ಪುಡಿಯಾಗುತ್ತದೆ, ಮಾಮೂಲಿ ಸಿಮೆಂಟು ಬಿರಿಯುತ್ತದೆ. ಇಟ್ಟಿಗೆಯ ಹಿಂದೆ ಬೂದಿ ಮತ್ತು ಮಣ್ಣು ಕಲಸಿ ತುಂಬಿದ್ದು ಶಾಖ ಗೋಡೆಗೆ ಹೋಗದಂತೆ ತಡೆಯುತ್ತದೆ. ಉರಿ ಜಾಲರಿಯಿಂದ ಅಡ್ಡವಾಗಿ ಹೋಗಿ ಹಂಡೆಯ ಅಡಿಗೆ ತಾಗಿ, ಹಂಡೆಯನ್ನು ಒಂದು ಸುತ್ತು ಬಳಸಿ, ಆಮೇಲೆ ಚಿಮಣಿ ಸೇರುತ್ತದೆ. ಬಳಸಿ ಹೋಗುವ ಆ ದಾರಿ ಎರಡು ಬೆರಳಿನಷ್ಟು ಅಗಲ. ಅಗಲ ಹೆಚ್ಚಾದರೆ ಬಿಸಿ ಹಾಗೇ ಮೇಲೆ ಹೋಗುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಎಳೆತ ನಿಲ್ಲುತ್ತದೆ.

ಜಾಲರಿ ಬುಟ್ಟಿ ಸ್ಟೀಲ್ ಸರಳಿನದ್ದು, ಅಂಗೈ ಅಗಲ. ಸರಳುಗಳ ನಡುವೆ 5 ಮಿ.ಮೀ. ಸಂದಿ: 8 ಮಿ.ಮೀ. ಪೆಲೆಟ್ ಜಾರಿ ಬೀಳುವುದಿಲ್ಲ, ಬೂದಿ ಮಾತ್ರ ಬೀಳುತ್ತದೆ. ಇಷ್ಟರಲ್ಲಿ ಗಂಟೆಗೆ ಒಂದೂವರೆ ಕೆಜಿ ಆಸುಪಾಸು ಉರಿಯುತ್ತದೆ.

ಹಾಪರ್ 2 ಮಿ.ಮೀ. ಕಬ್ಬಿಣದ ತಗಡು. ಇಳಿಜಾರು 45 ಡಿಗ್ರಿಗಿಂತ ಕಡಿದಾಗಿರಬೇಕು, ಇಲ್ಲದಿದ್ದರೆ ಪೆಲೆಟ್ ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ಇಂಥ ಒಲೆಯ ದೊಡ್ಡ ಅಪಾಯ ಇರುವುದು ಹಾಪರಿನಲ್ಲೇ. ಉರಿ ಜಾಲರಿಯಿಂದ ಹಿಂದಕ್ಕೆ, ಮೇಲಕ್ಕೆ ಹತ್ತಿ, ತುಂಬಿಟ್ಟ ಪೆಲೆಟ್‌ಗೇ ತಗುಲಬಹುದು. ಅದಕ್ಕೆ ಬೇಕಾಗುವುದು ಮೇಲಿನಿಂದ ಗಾಳಿ. ಹಾಪರಿನ ಮುಚ್ಚಳ ಬಿಗಿಯಾಗಿದ್ದರೆ ಆ ಗಾಳಿ ಸಿಗುವುದಿಲ್ಲ. ಮುಚ್ಚಳದ ಅಂಚಿಗೆ ಗ್ಲಾಸ್ ಫೈಬರ್ ಹಗ್ಗದ ಗ್ಯಾಸ್ಕೆಟ್ ಕೊಟ್ಟು, ಎರಡು ಕೊಂಡಿ ಹಾಕಿದ್ದೇವೆ. ಅದಕ್ಕಿಂತ ಮೇಲಿನ ಭದ್ರತೆ ನಮ್ಮ ಕೈಯಲ್ಲೇ ಇದೆ. ಒಂದು ಹಂಡೆಗೆ ಬೇಕಾದಷ್ಟೇ ಪೆಲೆಟ್ ಅಳೆದು ಹಾಕುವುದು. ಪೆಲೆಟ್‌ನ ಶಾಖ ಕೆಜಿಗೆ 16.5 ಮೆಗಾಜೌಲ್ ಎಂದಿಟ್ಟು, ಅದರಲ್ಲಿ ಮೂರರಲ್ಲೊಂದು ಪಾಲು ನೀರಿಗೆ ಸೇರಿದರೂ ಒಂದು ಕೆಜಿಗಿಂತ ತುಸು ಹೆಚ್ಚಿನಲ್ಲಿ ಹಂಡೆ ಕಾಯುತ್ತದೆ. ಸ್ನಾನದ ಹೊತ್ತಿಗೆ ಹಾಪರ್ ಖಾಲಿ. ಖಾಲಿ ಹಾಪರಿಗೆ ಬೆಂಕಿ ಹತ್ತುವ ಭಯವಿಲ್ಲ. ಉರಿಯುತ್ತಿರುವಾಗ ಮುಚ್ಚಳ ತೆಗೆದು ಮೇಲಿಂದ ಸುರಿಯುವುದನ್ನು ಮನೆಯಲ್ಲಿ ಯಾರೂ ಮಾಡಕೂಡದು ಎಂದು ಹೇಳಿಟ್ಟಿದ್ದೇನೆ.

ಹಂಡೆಯ ಬದಲು ತಾಮ್ರದ ಕಾಯಿಲ್ ಹಾಕಿ ನಲ್ಲಿಯಲ್ಲೇ ಬಿಸಿನೀರು ತರಿಸೋಣ ಎಂಬ ಸಲಹೆ ಬಂದಿತ್ತು. ಎರಡೂ ತುದಿ ಮುಚ್ಚಿಕೊಂಡ ಕಾಯಿಲಿನೊಳಗೆ ನೀರು ಕುದಿದರೆ ಆವಿಗೆ ಹೋಗಲು ದಾರಿಯಿಲ್ಲ, ಅದು ಬಾಂಬಿಗೆ ಸಮ. ತೆರೆದ ಹಂಡೆಯಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ನೀರಿಲ್ಲದ ಹಂಡೆಯಡಿ ಬೆಂಕಿ ಹಾಕದಿದ್ದರೆ ಆಯಿತು.

ಊದುಬತ್ತಿಯ ಪರೀಕ್ಷೆ

ಗಾರೆ ಹಸಿಯಿರುವಾಗ ಜೋರು ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಇಟ್ಟಿಗೆ ಬಿರಿಯುತ್ತದೆ. ಮೊದಲು ಕೆಲವು ದಿನ ಒಂದು ಮುಷ್ಟಿ ಪೆಲೆಟ್ ಮಾತ್ರ. ಹಾಪರಿಗೆ ಬಳಿದ ಶಾಖ ತಡೆಯುವ ಅಲ್ಯೂಮಿನಿಯಂ ಪೇಂಟು ಕೂಡ ಆಗ ಹದಕ್ಕೆ ಬಂತು. ಅದರ ವಾಸನೆ ಹೋಗುವ ತನಕ ಬಚ್ಚಲಿನ ಬಾಗಿಲು ಕಿಟಕಿ ತೆರೆದೇ ಇಟ್ಟಿದ್ದೆವು.

ಆಮೇಲೆ ಪೂರ್ತಿ ಉರಿ ಹಾಕಿ, ಬಚ್ಚಲಿನೊಳಗೆ ಹಂಡೆಯ ಕಂಠ ಗೋಡೆಗೆ ಸೇರುವ ಸಂದಿಯ ಸುತ್ತ ಊದುಬತ್ತಿ ಹಿಡಿದು ನಿಧಾನಕ್ಕೆ ಒಂದು ಸುತ್ತು ಬಂದೆ. ಚಿಮಣಿ ಸರಿಯಾಗಿ ಎಳೆಯುತ್ತಿದ್ದರೆ, ಎಲ್ಲಾದರೂ ಬಿರುಕಿದ್ದ ಕಡೆ ಊದುಬತ್ತಿಯ ಹೊಗೆ ನೂಲಿನಂತೆ ಬಾಗಿ ಒಳಗೆ ಹೋಗುತ್ತದೆ. ಮೂಡು ದಿಕ್ಕಿನ ಬದಿಯಲ್ಲಿ ಹಾಗೆ ಬಾಗಿತು. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು. ಒಳಕ್ಕೆ ಎಳೆಯುವ ತನಕ ಅಪಾಯವಿಲ್ಲ, ಎಳೆತ ನಿಂತ ದಿನ ಅಲ್ಲಿಂದಲೇ ಅನಿಲ ಹೊರಗೆ ಬರುತ್ತದೆ. ಕೆರೆದು ಫೈರ್ ಸಿಮೆಂಟ್ ತುಂಬಿ, ಒಣಗಿದ ಮೇಲೆ ಮತ್ತೆ ಊದುಬತ್ತಿ ಹಿಡಿದೆ. ಹೊಗೆ ನೆಟ್ಟಗೆ ನಿಂತಿತು. ಇದೇ ಪರೀಕ್ಷೆ ಹಾಪರಿನ ಮುಚ್ಚಳಕ್ಕೂ ಆಯಿತು.

ಜೂನ್‌ನಲ್ಲಿ ಪಡುಗಾಳಿ ಜೋರಾದಾಗ ಒಲೆಯ ಬಾಗಿಲಿನಿಂದ ಆಗೊಮ್ಮೆ ಈಗೊಮ್ಮೆ ಹೊಗೆ ಈಚೆ ನುಗ್ಗತೊಡಗಿತು. ಲೆಕ್ಕದ ಎತ್ತರ ಇದ್ದರೂ, ದೊಡ್ಡ ಮಾಡಿಗೆ ಬಡಿದು ಈಚೆ ಬೀಳುವ ಗಾಳಿ ಚಿಮಣಿಯ ಬಾಯನ್ನು ಒತ್ತುತ್ತಿತ್ತು. ತುದಿಗೆ ಇನ್ನೊಂದು ಮೂರಡಿ ಪೈಪು ಏರಿಸಿ, ಸಾದಾ ಕೊಡೆ ಟೋಪಿ ತೆಗೆದು, ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಟೋಪಿ ಕೂರಿಸಿದೆವು. ಗಾಳಿ ಯಾವ ಕಡೆಯಿಂದ ಬಡಿದರೂ ಅದರ ಒಂದು ಬಾಯಿ ಎಳೆಯುತ್ತದೆ. ಆಮೇಲೆ ಹೊಗೆ ಹಿಂದೆ ಬಂದಿಲ್ಲ.

ಪೆಲೆಟ್ ಯಾವುದು

ಮರದ ಹುಡಿಯ ಪೆಲೆಟ್ ಮಾತ್ರ ತರುತ್ತೇನೆ. ಕೊಳ್ಳುವ ಮೊದಲು ನಾಲ್ಕು ಪೆಲೆಟ್ ನೀರಿನ ಲೋಟಕ್ಕೆ ಹಾಕಿ ನೋಡಿ. ಒಳ್ಳೆಯದು ಮುಳುಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬಿಚ್ಚಿಕೊಂಡು ಹುಡಿಯಾಗುತ್ತದೆ. ತೇಲಿದರೆ ಒತ್ತಡ ಸಾಲದ್ದು. ಹುಡಿಯಾಗದೆ ಹಾಗೇ ಉಳಿದರೆ ಅದರಲ್ಲಿ ಅಂಟು ಸೇರಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ಪ್ಲೈವುಡ್ ಹುಡಿಯದ್ದು ಬೇಡ, ಅದರ ಅಂಟಿನ ಹೊಗೆ ಕೆಟ್ಟದ್ದು.

ನಮ್ಮ ಕಡೆಯವರು ವಿಶೇಷವಾಗಿ ತಿಳಿಯಬೇಕಾದದ್ದು ಗೇರುಬೀಜದ ಸಿಪ್ಪೆಯ ವಿಷಯ. ಗೇರು ಕಾರ್ಖಾನೆಗಳಿರುವ ಊರು, ಸಿಪ್ಪೆ ಕೈಗೆ ಸಿಗುತ್ತದೆ, ಜೋರಾಗಿ ಉರಿಯುತ್ತದೆ ಕೂಡ. ಆದರೆ ಕೈ ಸುಡುವ ಅದರ ಎಣ್ಣೆ ಹೊಗೆಯಲ್ಲೂ ಬರುತ್ತದೆ, ಕಣ್ಣು, ಗಂಟಲು, ಶ್ವಾಸಕೋಶಕ್ಕೆ ತಾಗುತ್ತದೆ, ಚಿಮಣಿಗೆ ಡಾಂಬರಿನಂತೆ ಅಂಟುತ್ತದೆ. ಮನೆಯ ಒಲೆಗೆ ಅದು ಸಲ್ಲದು. ಮಲ್ಪೆ ಕಡೆ ಸಿಗುವ ಹಳೆ ದೋಣಿಯ ಹಲಗೆಯೂ ಹಾಗೆಯೇ: ಉಪ್ಪು ಹೀರಿದ, ಪೇಂಟು ಬಳಿದ ಮರ ಉರಿಸಿದರೆ ವಿಷದ ಹೊಗೆ, ಮೇಲಿಂದ ಸ್ಟೀಲೂ ತಿಂದುಹೋಗುತ್ತದೆ.

ಒಳ್ಳೆಯ ಪೆಲೆಟ್‌ನಲ್ಲಿ ತೇವ ಹತ್ತು ಶೇಕಡಾ ಮೀರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಅದು ಉಬ್ಬಿ ಹಿಟ್ಟಾಗುತ್ತದೆ. ರಬ್ಬರ್ ಬಿಗಿಯಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲದಿಂದ ಮೇಲೆ ಹಲಗೆಯ ಮೇಲೆ ಇಟ್ಟಿದ್ದೇವೆ. ಹಾಕುವ ಮೊದಲು ಅಕ್ಕಿ ಜರಡಿಯಲ್ಲಿ ಒಮ್ಮೆ ಜಾಲಿಸಿದರೆ ಹುಡಿ ಬೇರೆಯಾಗುತ್ತದೆ. ಹುಡಿ ಹೆಚ್ಚಾದರೆ ಜಾಲರಿ ಕಟ್ಟಿ ಉರಿ ಮಂಕಾಗುತ್ತದೆ. ಟನ್‌ಗಟ್ಟಲೆ ತಂದು ಮುಚ್ಚಿದ ಕೋಣೆಯಲ್ಲಿ ತುಂಬಿಡುವ ಯೋಚನೆ ಇದ್ದವರಿಗೆ ಒಂದು ಎಚ್ಚರಿಕೆ. ಹೊಸ ಪೆಲೆಟ್ ಬೆಂಕಿಯಿಲ್ಲದೆಯೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಯುರೋಪಿನಲ್ಲಿ ಪೆಲೆಟ್ ಗೋದಾಮಿನೊಳಗೆ ಇಳಿದವರು ಸತ್ತದ್ದಿದೆ.

ದಿನದ ಬಳಕೆ

ಹೊತ್ತಿಸಲು ತೆಂಗಿನ ನಾರಿನ ಸಣ್ಣ ಉಂಡೆಗೆ ನಾಲ್ಕು ಹನಿ ಎಣ್ಣೆ ಸಾಕು. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಒಲೆಯ ಹತ್ತಿರಕ್ಕೂ ತರುವುದಿಲ್ಲ. ತಣ್ಣಗಿರುವ ಚಿಮಣಿ ಮೊದಲಿಗೆ ಎಳೆಯುವುದಿಲ್ಲ. ಬುಡದ ಟೀ ಮುಚ್ಚಳ ತೆಗೆದು ಒಂದು ಹಾಳೆ ಪೇಪರು ಉರಿಸಿ, ಮುಚ್ಚಿ, ಆಮೇಲೆ ಒಲೆ ಹೊತ್ತಿಸಿದರೆ ಹೊಗೆ ನೇರ ಮೇಲೆ ಹೋಗುತ್ತದೆ. ಉರಿ ಇಳಿದು ಕೆಂಡ ಮಾತ್ರ ಉಳಿದಾಗ ಗಾಳಿಯ ಬಾಗಿಲು ಮುಚ್ಚಿ ಬಿಸಿ ಉಳಿಸೋಣ ಅನಿಸುತ್ತದೆ. ಅದನ್ನು ಮಾಡಬೇಡಿ. ಹೊಗೆಯೇ ಕಾಣದ ಕೆಂಡದಿಂದ ಬರುವ ವಿಷ ಉರಿಯಿಂದ ಬರುವುದಕ್ಕಿಂತ ಹೆಚ್ಚು. ಈ ಕಾರಣಕ್ಕೇ ಚಿಮಣಿಗೆ ಮುಚ್ಚುವ ತಗಡನ್ನೇ ಇಟ್ಟಿಲ್ಲ.

ಬೆಂಕಿ ಹೊರಗಿದ್ದರೂ ಅಲಾರಂ ಹಾಕಿಸಿದೆ. ಅಂಗಡಿಯಲ್ಲಿ ಕೇಳುವಾಗ ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಂದೇ ಕೇಳಿ. ಅಡುಗೆ ಗ್ಯಾಸ್ ಸೋರಿಕೆಯ ಅಲಾರಂ ಕೊಟ್ಟರೆ ಅದು ಈ ಅನಿಲಕ್ಕೆ ಕೂಗುವುದೇ ಇಲ್ಲ. ಸ್ನಾನದ ಆವಿಗೆ ಸೆನ್ಸರ್ ಹಾಳಾಗುವುದರಿಂದ ಬಚ್ಚಲಿನ ಬಾಗಿಲ ಹೊರಗೆ, ಮೂಗಿನ ಎತ್ತರಕ್ಕೆ ಕೂರಿಸಿದ್ದೇವೆ. ಸಾಮಾನ್ಯವಾಗಿ ಇವು ಗಾಳಿಯಲ್ಲಿ ಈ ಅನಿಲ 70 ಪಿ.ಪಿ.ಎಂ. (ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗುವಂತೆ ಮಾಡಿದವು. ಸೆನ್ಸರಿಗೆ ಆಯುಷ್ಯವಿದೆ, ಪೆಟ್ಟಿಗೆಯ ಮೇಲಿನ ತಾರೀಖು ಮುಗಿದರೆ ಬದಲಿಸಬೇಕು. ಒಲೆ ಉರಿಯುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಒಟ್ಟಿಗೆ ಬಂದರೆ ಕಾರಣ ಹುಡುಕುತ್ತಾ ನಿಲ್ಲದೆ ಎಲ್ಲರೂ ಅಂಗಳಕ್ಕೆ ಬರಬೇಕು. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕ ಹಾಕಿಸಿದ್ದೂ ಇದೇ ಯೋಚನೆಯಿಂದ. ಅಪ್ಪ ಅಮ್ಮ ಇಬ್ಬರಿಗೂ ವಯಸ್ಸಾಗಿದೆ.

ಬೂದಿ ತಣ್ಣಗಾದಂತೆ ಕಂಡರೂ ಒಳಗಿನ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬುಟ್ಟಿಗೆ, ಗೋಣಿಗೆ ಹಾಕಬಾರದು. ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ, ಸಿಮೆಂಟು ನೆಲದ ಮೇಲೆ, ಕಟ್ಟಿಗೆಯಿಂದ ದೂರ ಇಡುತ್ತೇವೆ. ತಣಿದದ್ದು ಬಸಳೆ ಚಪ್ಪರದ ಬುಡಕ್ಕೆ. ಒಲೆಯ ಪಕ್ಕ ಒಂದು ಬಾಲ್ದಿ ಮರಳು, ಒಂದು ಡ್ರೈ ಪೌಡರ್ ಸಿಲಿಂಡರ್. ಕಾದ ಇಟ್ಟಿಗೆಗೆ ನೀರು ಎರಚಿದರೆ ಅದು ಸಿಡಿಯುತ್ತದೆ.

ತಿಂಗಳಿಗೊಮ್ಮೆ ಟೀ ಮುಚ್ಚಳ ತೆಗೆದು ಚಿಮಣಿಗೆ ಬ್ರಷ್ ಹಾಕುತ್ತೇನೆ. ಹಂಡೆಯ ಸುತ್ತಿನ ದಾರಿಗೆ ಗೋಡೆಯಲ್ಲಿ ಒಂದು ಸಡಿಲ ಇಟ್ಟಿಗೆ ಇಟ್ಟಿದ್ದೇವೆ, ಅದನ್ನು ಎಳೆದರೆ ಮಸಿ ಕೈಗೆ ಸಿಗುತ್ತದೆ. ಬೇಸಿಗೆಯಲ್ಲಿ ಕೆಲವು ವಾರ ಒಲೆ ಉರಿಸದೆ ಬಿಟ್ಟರೆ ಕಣಜ ಪೈಪಿನೊಳಗೆ ಮಣ್ಣಿನ ಗೂಡು ಕಟ್ಟುತ್ತದೆ, ಅಳಿಲು ನಾರು ತುರುಕುತ್ತದೆ. ಹಾಗಾಗಿ ಮತ್ತೆ ಶುರು ಮಾಡುವ ದಿನ ಬುಡದಿಂದ ಕನ್ನಡಿ ಹಿಡಿದು ಆಕಾಶ ದುಂಡಗೆ ಕಾಣುತ್ತದೆಯೇ ಎಂದು ನೋಡಿಯೇ ಬೆಂಕಿ. ಇನ್ನು ಉಳಿದಿರುವುದು ಹಾಪರಿನ ಕಾಲುಗಳ ಬೋಲ್ಟು. ಕಬ್ಬಿಣದ್ದು ಈಗಲೇ ತುಕ್ಕು ತೋರಿಸುತ್ತಿದೆ, ಮಳೆ ಬಿಟ್ಟ ಮೇಲೆ ಸ್ಟೀಲಿನದ್ದಕ್ಕೆ ಬದಲಿಸಬೇಕು.